ಡೀಸೆಲ್ ಕುಡಿದ ಹೊಲಕ್ಕೆ ಹೆಪ್ಪು ಹಾಕಿದ್ದು

ಆ ಹೊಲದ ಬದುವಿನ ಮೇಲೆ ನಿಂತು ನಾನು ಮೊದಲು ಮಾಡಿದ ಕೆಲಸ, ಒಂದು ತಂಬಿಗೆ ನೀರನ್ನು ಹೆಂಟೆಗಳ ಮೇಲೆ ಸುರಿದದ್ದು. ಮಾರ್ಚ್ ತಿಂಗಳ ಎರೆಮಣ್ಣು ನೀರು ಕಂಡರೆ ಬಿಡುವುದಿಲ್ಲ. ತಂಬಿಗೆ ಕೆಳಗಿಡುವುದರೊಳಗೆ ಕುಡಿದು ಮುಗಿಸಿರುತ್ತದೆ. ಇಲ್ಲಿ ನೀರು ಎಣ್ಣೆ ಸವರಿದ ಹಂಚಿನ ಮೇಲೆ ಬಿದ್ದಂತೆ ಮಣಿಮಣಿಯಾಗಿ ಉರುಳಿ ಹೆಂಟೆಗಳ ಸಂದಿಯಲ್ಲಿ ನಿಂತುಬಿಟ್ಟಿತು. ಕೈಗಡಿಯಾರ ನೋಡುತ್ತ ಕಾದೆ. ಹತ್ತು ನಿಮಿಷ ಕಳೆದರೂ ಅದು ಅಲ್ಲೇ ಇತ್ತು. ಹಿಂದೆ ನಿಂತಿದ್ದ ಹೊಲದ ಒಡತಿ, "ನಾನೂ ಮೂರ ದಿನದಿಂದ ಇದನ್ನ ನೋಡಾಕತ್ತೇನ್ರಿ ಅಕ್ಕಾರ. ಹೊಲ ಬಾಯಿ ಮುಚ್ಚೈತಿ," ಎಂದರು.

ಆಗಿದ್ದು ಇಷ್ಟು. ಗೋಕಾಕದಿಂದ ಮೂಡಲಗಿ ಕಡೆಗೆ ಹೊರಟಿದ್ದ ಡೀಸೆಲ್ ಟ್ಯಾಂಕರೊಂದು ಮೆಳವಂಕಿ ಸೀಮೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ರಸ್ತೆಯ ಅಂಚಿನಿಂದ ಜಾರಿ ಮಗುಚಿತ್ತು. ಪುಣ್ಯಕ್ಕೆ ಚಾಲಕ ಬದುಕಿಕೊಂಡ. ಸುತ್ತಲಿನ ಜನ ಕೊಡ, ಕ್ಯಾನು ಹಿಡಿದು ಬಂದು ಬಾಚಿಕೊಂಡಷ್ಟು ಬಾಚಿಕೊಂಡರು. ಉಳಿದದ್ದು ಇಳಿಜಾರಿನಲ್ಲಿ ಹರಿದು ಹತ್ತು ಗುಂಟೆ ಹೊಲದೊಳಗೆ ಇಂಗಿತು. ಆ ಹೊಲದ ಕೆಳಗಿನ ಅಂಚಿಗೇ ತೋಟದ ವಸ್ತಿಯ ಮನೆಗಳ ಕುಡಿಯುವ ನೀರಿನ ಬಾವಿಯಿದೆ. ಜೂನ್ ಮೊದಲಿಗೆ ಮೃಗಶಿರ ಮಳೆ ಹೊಡೆದರೆ ಹೊಲದ ಎಣ್ಣೆಯೆಲ್ಲ ಬಾವಿಗೆ ಇಳಿಯುವುದು ಖಂಡಿತ ಎಂದು ತಾಲೂಕಿನ ಅಧಿಕಾರಿಗೆ ಚಿಂತೆ ಹತ್ತಿತ್ತು.

ಟ್ಯಾಂಕರ್ ಮಾಲೀಕರ ಕಡೆಯ ಮ್ಯಾನೇಜರ್ ಒಳ್ಳೆಯ ಮನುಷ್ಯನೇ. ಜೆಸಿಬಿ ತಂದು ಮೇಲಿನ ಮಣ್ಣನ್ನೆಲ್ಲ ಕೆರೆದು ಒಯ್ದು, ಆ ಜಾಗಕ್ಕೆ ಗುಡ್ಡದ ಗರಸು ಮಣ್ಣು ತುಂಬಿಸಿಕೊಡುತ್ತೇವೆ ಎಂದು ತಾನಾಗಿಯೇ ಹೇಳಿದ್ದ. ಒಡತಿ ಸಹಿ ಹಾಕಲಿಲ್ಲ. ಅವರದು ಹಾಲುಮತದ ಮನೆತನ. ಹಿಂಡಿನ ಹಿಂದೆ ಊರೂರು ತಿರುಗುತ್ತಿದ್ದ ಅವರ ಮಾವ ಒಂದು ದಿನ ಇಲ್ಲಿ ಬೇರು ಬಿಟ್ಟು, ಕಲ್ಲು ಆರಿಸಿ, ಪ್ರತಿ ಬೇಸಿಗೆ ಸ್ವಂತ ಕುರಿಗಳನ್ನೇ ಹೊಲದಲ್ಲಿ ತಂಗಿಸಿ ಗೊಬ್ಬರ ಮಾಡಿಸಿದ ಭೂಮಿ ಅದು. "ಮೂರ ತಲಿಮಾರಿನಿಂದ ಕುರಿ ಕುಂತ ಮಣ್ಣರಿ ಇದು. ಇದನ್ನ ಒಯ್ದು ಗರಸ ಹಾಕಿದ್ರ ನನಗ ಉಳಿಯೂದು ಉತಾರದ ಕಾಗದ ಅಷ್ಟ," ಎಂದು ಅವರು ನನಗೂ ಹೇಳಿದರು. ಅರವತ್ತು ದಾಟಿದ ಹೆಂಗಸು. ದನಿ ಏರಿಸಿ ಮಾತಾಡಿದ್ದನ್ನು ನಾನು ಕೇಳಲೇ ಇಲ್ಲ.

ಗೋಕಾಕದ ಕಾಲೇಜೊಂದರಲ್ಲಿ ನಾನು ಸೂಕ್ಷ್ಮಜೀವಿಶಾಸ್ತ್ರ ಹೇಳುತ್ತೇನೆ. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ನನ್ನ ವಿಷಯ ಎಂದು ಯಾರೋ ಹೇಳಿದ್ದರಿಂದ ಅಧಿಕಾರಿ ನನ್ನನ್ನು ಕರೆಸಿದ್ದರು. ಅವರ ಮಾತು ನೇರವಾಗಿತ್ತು: "ಮಿರಗದ ಮಳಿ ಕೂಡೂದ್ರಾಗ ಮಣ್ಣ ಸ್ವಚ್ಛ ಆತು ಅಂದ್ರ ನನಗೂ ಸಮಾಧಾನರಿ ಮೇಡಂ. ಆಗಲಿಲ್ಲ ಅಂದ್ರ ಬಾವಿ ಸಲುವಾಗಿ ನಾ ಆ ಮಣ್ಣ ತಗಸಾಕ ಬೇಕ. ಮೇ ತಿಂಗಳ ನಡುವ ನನಗ ಒಂದ ವರದಿ ಕೊಡ್ರಿ. ಆಗತೈತಿ ಅಂತರ ಬರೀರಿ, ಆಗೂದಿಲ್ಲ ಅಂತರ ಬರೀರಿ." ನಾನು ಆಗತೈತಿ ಎಂದು ಅಲ್ಲೇ ಹೇಳಿಬಿಟ್ಟೆ. ಮೂಗಿನ ತುದಿಯಲ್ಲಿ ಸಿಟ್ಟು, ನಾಲಿಗೆಯ ತುದಿಯಲ್ಲಿ ಭರವಸೆ, ಎರಡೂ ನನಗೆ ಹುಟ್ಟಿನಿಂದ ಬಂದವು.

ನನ್ನ ಧೈರ್ಯಕ್ಕೆ ಕಾರಣ ಪ್ರಯೋಗಾಲಯದ ಫ್ರಿಜ್ಜಿನಲ್ಲಿತ್ತು. ಪಿಎಚ್‌.ಡಿ. ಮಾಡುವಾಗ ನಾನು ಬೇರ್ಪಡಿಸಿದ್ದ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾದ ತಳಿಯೊಂದು ಗಾಜಿನ ನಳಿಗೆಗಳಲ್ಲಿ ಅಲ್ಲಿ ಮಲಗಿತ್ತು. ಡೀಸೆಲ್ ನೀರಿನಲ್ಲಿ ಬೆರೆಯುವುದಿಲ್ಲ, ಬ್ಯಾಕ್ಟೀರಿಯಾ ಬದುಕುವುದು ನೀರಿನಲ್ಲಿ. ಹಾಗಾಗಿ ಅನ್ನ ಎದುರಿಗಿದ್ದರೂ ಬಾಯಿಗೆ ಎಟುಕುವುದಿಲ್ಲ. ಕೆಲವು ಬ್ಯಾಕ್ಟೀರಿಯಾಗಳು ಇದಕ್ಕೊಂದು ಉಪಾಯ ಕಂಡುಕೊಂಡಿವೆ. ಸಾಬೂನಿನಂಥ ಒಂದು ವಸ್ತುವನ್ನು ತಾವೇ ತಯಾರಿಸಿ ಹೊರಗೆ ಬಿಡುತ್ತವೆ. ಅದು ಎಣ್ಣೆಯನ್ನು ಒಡೆದು ಸಣ್ಣ ಸಣ್ಣ ಹನಿ ಮಾಡುತ್ತದೆ, ಮಣ್ಣಿನ ಕಣಕ್ಕೆ ಅಂಟಿದ್ದನ್ನು ಬಿಡಿಸುತ್ತದೆ. ಆಮೇಲೆ ಅವು ಊಟಕ್ಕೆ ಕೂರುತ್ತವೆ. ಬಯೋಸರ್ಫ್ಯಾಕ್ಟಂಟ್ ಎಂದು ನಾವು ತರಗತಿಯಲ್ಲಿ ಹೇಳುವುದು ಇದನ್ನೇ. ನನ್ನ ತಳಿ ಈ ಕೆಲಸದಲ್ಲಿ ಗಟ್ಟಿಗ. ಹುಕ್ಕೇರಿಯಿಂದ ದಿನಾ ಬಸ್ಸಿನಲ್ಲಿ ಬರುವ ನಮ್ಮ ಅಟೆಂಡರ್ ಅದನ್ನು ತಿಂಗಳಿಗೊಮ್ಮೆ ಹೊಸ ನಳಿಗೆಗೆ ದಾಟಿಸಿ ವರ್ಷಗಟ್ಟಲೆ ಕಾಪಾಡಿದ್ದರು. ನಿವೃತ್ತಿಗೆ ಹತ್ತಿರವಾಗಿದ್ದ ಅವರು ಅದನ್ನು ಕರೆಯುತ್ತಿದ್ದುದು "ಅಕ್ಕಾರ ಮಗ" ಎಂದು.

ಮಗನನ್ನು ದೊಡ್ಡ ಫ್ಲಾಸ್ಕುಗಳಲ್ಲಿ ಬೆಳೆಸಿ, ಕ್ಯಾನುಗಳಲ್ಲಿ ತುಂಬಿ, ಜೀಪಿನಲ್ಲಿ ಕೂರಿಸಿಕೊಂಡು ಹೋದೆವು. ಬಾವಿಗೆ ಹತ್ತಿರವಿದ್ದ ಕೆಳಗಿನ ಅರ್ಧ ಹೊಲಕ್ಕೆ ಮೊದಲು ಸುರಿದೆವು. "ಇದೇನ್ರಿ?" ಎಂದು ಒಡತಿ ಕೇಳಿದರು. ಬ್ಯಾಕ್ಟೀರಿಯಾ ಎಂದರೆ ಇವರಿಗೆ ತಿಳಿಯಲಿಕ್ಕಿಲ್ಲ ಎಂಬ ದೊಡ್ಡಸ್ತಿಕೆಯಿಂದ ನಾನು, "ಇವು ಹುಳಾರಿ ಅವ್ವಾ. ಕಣ್ಣಿಗೆ ಕಾಣೂದಿಲ್ಲ, ಅಷ್ಟ ಸಣ್ಣ ಹುಳ. ಲಕ್ಷಗಟ್ಟಲೆ ಬಿಟ್ಟೇವಿ. ಎಣ್ಣಿ ತಿಂದ ಹಾಕತಾವ," ಎಂದೆ. ಅವರು ಕ್ಯಾನುಗಳ ಕಡೆಗೊಮ್ಮೆ, ಬಾವಿಯ ಕಡೆಗೊಮ್ಮೆ ನೋಡಿದರು.

ಹತ್ತು ದಿನಗಳ ಮೇಲೆ ಹುಡುಗನೊಬ್ಬನನ್ನು ಕಳಿಸಿ ಕೆಳಗಿನ ಹೊಲದ ಮಣ್ಣು ತರಿಸಿ ಪರೀಕ್ಷೆಗೆ ಹಾಕಿದೆವು. ಒಂದು ಚಿಟಿಕೆ ಮಣ್ಣನ್ನು ನೀರಿನಲ್ಲಿ ಕದಡಿ, ಅದರ ಹನಿಯನ್ನು ಅಗಾರ್ ಎಂಬ ಪೋಷಕ ಲೋಳೆ ಹಾಕಿದ ತಟ್ಟೆಗಳ ಮೇಲೆ ಹರಡಿದರೆ, ಎರಡು ದಿನದಲ್ಲಿ ಜೀವಂತ ಬ್ಯಾಕ್ಟೀರಿಯಾಗಳು ಚುಕ್ಕೆ ಚುಕ್ಕೆಯಾಗಿ ಎದ್ದು ಕಾಣುತ್ತವೆ. ಸಾಮಾನ್ಯ ಮಣ್ಣಿನಲ್ಲಿ ಎಣಿಸಲಾಗದಷ್ಟು ಬರುತ್ತವೆ. ಅಟೆಂಡರ್ ತಟ್ಟೆಗಳನ್ನು ಬೆಳಕಿಗೆ ಹಿಡಿದು, "ಅಕ್ಕಾರ, ಇಷ್ಟ ಸ್ವಚ್ಛ ತಾಟು ನಾ ನೌಕರಿಗೆ ಬಂದಾಗಿಂದ ನೋಡಿಲ್ಲರಿ. ನಮ್ಮ ಮಗ ಇಲ್ಲ, ಇರ್ಲಿ. ಊರ ಮಂದೀನೂ ಇಲ್ಲ," ಎಂದರು. ನನ್ನ ತಳಿ ಮಾತ್ರ ಸತ್ತಿದ್ದರೆ ತಪ್ಪನ್ನು ಬಿಸಿಲಿನ ಮೇಲೆ ಹಾಕಬಹುದಿತ್ತು. ಮಣ್ಣಿನಲ್ಲಿ ಯಾವ ಜೀವವೂ ಇಲ್ಲವೆಂದರೆ ಅದಕ್ಕೆ ಯಾರೋ ವಿಷ ಹಾಕಿರಬೇಕು.

ಆ ದಿನವೇ ಹೋದೆವು. ಬದು ಹತ್ತುವ ಮೊದಲೇ ವಾಸನೆ ಮೂಗಿಗೆ ಬಡಿಯಿತು. ಕೆಳಗಿನ ಅರ್ಧ ಹೊಲದ ತುಂಬ ಬಿಳಿ ಪುಡಿ ಹಕ್ಕಳೆಗಟ್ಟಿತ್ತು. ಬ್ಲೀಚಿಂಗ್ ಪೌಡರ್. ನಾನು ಒಡತಿಯ ಮನೆಯ ಮುಂದೆ ನಿಂತು ಕೂಗಾಡಿದೆ. ಯಾರು ಹಾಕಿದ್ದು, ಯಾರನ್ನು ಕೇಳಿ ಹಾಕಿದ್ದು, ನನ್ನ ಹದಿನೈದು ದಿನದ ಕೆಲಸಕ್ಕೆ ಮಣ್ಣೆರಚಿದಿರಿ ಎಂದೆಲ್ಲ ಬಾಯಿಗೆ ಬಂದಂತೆ ಆಡಿದೆ. ಅವರು ಕಟ್ಟೆಯಿಂದ ಎದ್ದು ಬಂದು ಸಾವಕಾಶ ಹೇಳಿದರು: "ನಾನ ಹಾಕ್ಸೇನ್ರಿ. ನೀವು ಲಕ್ಷಗಟ್ಟಲೆ ಹುಳ ಬಿಟ್ಟೇವಿ ಅಂದ್ರಿ. ಕೆಳಗ ಬಾವಿ ಐತಿ. ವಸ್ತಿ ಮಂದಿ ಅದ ನೀರು ಕುಡೀತೈತಿ, ಕುರಿಗೂ ಅದ. ಹುಳ ಬಿದ್ದ ನೀರು ಹೆಂಗ ಕುಡ್ಯಾಕ ಬರತೈತಿ? ನೀರಿನ್ಯಾಗ ಹುಳ ಆದ್ರ ಪಂಚಾಯ್ತಿಯವರು ಈ ಪುಡೀನ ಹಾಕತಾರ. ಅವರ ಕಡೆ ಬೇಡಿ ತಂದ್ನಿ."

ಘಟಪ್ರಭೆಯ ದಂಡೆಯ ದಡ್ಡಿ ಎಂಬ ಊರಿನಲ್ಲಿ ಬೆಳೆದವಳು ನಾನು. ನಮ್ಮವ್ವ ಹೊಳೆಯ ನೀರನ್ನು ಬಟ್ಟೆಯಲ್ಲಿ ಸೋಸುವಾಗ ಹೇಳುತ್ತಿದ್ದುದು ಹುಳ ಇರತಾವ ಎಂದೇ. ಬೆಳೆಗೆ ಹುಳ ಬಿದ್ದರೆ ಔಷಧಿ, ಹಲ್ಲಿಗೆ ಹುಳ ಬಿದ್ದರೆ ಕೀಳಿಸುವುದು, ಕಾಳಿಗೆ ಹುಳ ಬಿದ್ದರೆ ಬಿಸಿಲಿಗೆ ಹರಡುವುದು. ನಮ್ಮ ಮಾತಿನಲ್ಲಿ ಹುಳ ಎಂದರೆ ಕೊಲ್ಲಬೇಕಾದದ್ದು. ಅದನ್ನು ಮರೆತು ಮಾತಾಡಿದವಳು ನಾನು, ನೆನಪಿಟ್ಟು ನಡೆದವರು ಅವರು. ತಮ್ಮ ಹೊಲಕ್ಕಿಂತ ಮೊದಲು ಮಂದಿಯ ಬಾವಿಯನ್ನು ನೆನೆದಿದ್ದರು ಬೇರೆ. ನನಗೆ ನಿಜಕ್ಕೂ ನಾಚಿಕೆಯಾಯಿತು. "ತಪ್ಪಾತ್ರಿ ಅವ್ವಾ. ನಾ ಹಂಗ ಹೇಳಬಾರದಿತ್ತು, ಹಂಗ ಒದರಬಾರದಿತ್ತು," ಎಂದೆ. ಅವರು, "ಚಹಾ ಕುಡೀರಿ, ಬಿಸಲಾಗ ಬಂದೀರಿ," ಎಂದು ಒಳಗೆ ಹೋದರು.

ಚಹಾ ಕುಡಿಯುತ್ತಿರುವಾಗ ಅವರೇ ಒಂದು ವಿಷಯ ತೆಗೆದರು. "ಅಕ್ಕಾರ, ಮ್ಯಾಲಿನ ಮೂಲ್ಯಾಗ ಒಂದ ಜಾಗಾ ಐತಿ. ಅಲ್ಲಿ ಎಣ್ಣಿ ವಾಸನಿ ಕಮ್ಮಿ. ನಿನ್ನಿ ತಂಬಿಗಿ ನೀರು ಹಾಕಿ ನೋಡಿದ್ನಿ. ಸಾವಕಾಶ ಕುಡೀತು, ಖರೆ ಕುಡೀತು." ಎದ್ದು ಹೋಗಿ ನೋಡಿದೆವು. ಬ್ಲೀಚಿಂಗ್ ಬೀಳದ ಮೇಲಿನ ಅರ್ಧದಲ್ಲಿ, ಚಾಪೆಯಗಲದ ಒಂದು ತುಂಡು. ಹೆಂಟೆ ಒಡೆದು ಮೂಸಿದೆ. ಡೀಸೆಲ್ ಇತ್ತು, ಆದರೆ ಅದರ ಜೊತೆಗೆ ಮಣ್ಣಿನ ವಾಸನೆಯೂ ಇತ್ತು. ಹೋದ ಬೇಸಿಗೆಯಲ್ಲಿ ಹಿಂಡು ಕಡೆಯ ಸಲ ತಂಗಿದ್ದು ಅಲ್ಲೇ ಎಂದು ಒಡತಿ ಹೇಳಿದರು. ಕುರಿಯ ಹಿಕ್ಕೆ, ಗಂಜಲ ಎಂದರೆ ಸಾರಜನಕ, ರಂಜಕ. ಎಣ್ಣೆಯಲ್ಲಿ ಇಲ್ಲದ್ದೆಲ್ಲ ಅದರಲ್ಲಿರುತ್ತದೆ. ಬರೀ ಎಣ್ಣೆ ತಿಂದು ಯಾವ ಬ್ಯಾಕ್ಟೀರಿಯಾವೂ ಹೆಚ್ಚಲಾರದು, ಅದಕ್ಕೂ ಪಲ್ಯ, ಉಪ್ಪು ಬೇಕು. ಆ ತುಂಡಿನಲ್ಲಿ ಯಾರೋ ಆಗಲೇ ಊಟಕ್ಕೆ ಕೂತಿದ್ದರು. ನಾವು ಕರೆದವರಲ್ಲ, ಅಲ್ಲೇ ಹುಟ್ಟಿದವರು.

ನನ್ನ ತಳಿಯನ್ನು ಮತ್ತೆ ಬೆಳೆಸಿ ತರುವುದೋ, ಈ ಮಣ್ಣಿನದನ್ನೇ ಹಿಡಿದು ಬೆಳೆಸುವುದೋ ಎಂದು ನಾನು ತೀರ್ಮಾನಿಸಬೇಕಿತ್ತು. ಹೇಳಲು ಸುಲಭ. ಆ ತಳಿಯ ಮೇಲೆ ನನ್ನ ಹೆಸರಿನ ಪ್ರಬಂಧವಿದೆ, ಅದರ ಹೊಟ್ಟೆಯೊಳಗಿನದೆಲ್ಲ ನನಗೆ ಗೊತ್ತು. ಈ ಹೊಸದರ ಗುಣ, ಗೋತ್ರ ಏನೂ ತಿಳಿಯದು, ಕೈಯಲ್ಲಿ ಉಳಿದದ್ದು ಎರಡೇ ತಿಂಗಳು. ಜೀಪಿನಲ್ಲಿ ವಾಪಸು ಬರುವಾಗ ಅಟೆಂಡರ್, "ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲರಿ. ನಾವು ಫ್ರಿಜ್ಜಿನ್ಯಾಗ ಮದ್ದು ಹುಡಕಾಕತ್ತಿದ್ವಿ," ಎಂದು ಕಿಟಕಿಯ ಹೊರಗೆ ನೋಡುತ್ತ ಹೇಳಿದರು. ನನಗೆ ಹೇಳಿದ್ದೆಂದು ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. ಗೋಕಾಕ ಬರುವ ಹೊತ್ತಿಗೆ ಒಪ್ಪಿಕೊಂಡಿದ್ದೆ.

ಲವಣಗಳನ್ನು ಕರಗಿಸಿದ ನೀರಿಗೆ ಆ ತುಂಡಿನ ಮಣ್ಣು ಒಂದು ಚಮಚ, ಆಹಾರವೆಂದು ಬರೀ ಡೀಸೆಲ್. ಡೀಸೆಲ್ ತಿನ್ನಲಾರದ್ದು ಅದರಲ್ಲಿ ಉಳಿಯುವುದಿಲ್ಲ. ಅಲುಗಾಡಿಸುವ ಯಂತ್ರದ ಮೇಲಿಟ್ಟು ಐದು ದಿನ ಕಾದೆವು. ನೀರು ಮಜ್ಜಿಗೆಯಂತೆ ಕದಡಿತು. ಅದರಲ್ಲಿ ಸ್ವಲ್ಪ ತೆಗೆದು ಹೊಸ ಫ್ಲಾಸ್ಕಿಗೆ, ಅದರಿಂದ ಇನ್ನೊಂದಕ್ಕೆ, ಹೀಗೆ ಮೂರು ಸಲ. ಕೊನೆಯ ಫ್ಲಾಸ್ಕನ್ನು ಅಲುಗಾಡಿಸಿದಾಗ ಕತ್ತಿನವರೆಗೆ ನೊರೆ ಎದ್ದು ಬಹಳ ಹೊತ್ತು ಹಾಗೇ ನಿಂತಿತು. ಅಟೆಂಡರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನೊರೆ ಎಂದರೆ ಸಾಬೂನು ತಯಾರಾಗಿದೆ ಎಂದರ್ಥ.

ಈ ಸಲ ಒಡತಿಗೆ ಬರೀ ಬಾಯಲ್ಲಿ ಹೇಳದೆ, ತೋರಿಸುವುದೆಂದು ನಿಶ್ಚಯಿಸಿದೆ. ಅವರ ಮನೆಯ ಹೊರಗಿನ ಕಟ್ಟೆಯ ಮೇಲೆ ಕೂತು, ಊಟಕ್ಕೆ ಬಳಸದ ಹಳೆಯ ಗಂಗಾಳವೊಂದನ್ನು ಬೇಡಿ ನೀರು ತುಂಬಿದೆ. ಅದರ ಮೇಲೆ ಎರಡು ಹನಿ ಡೀಸೆಲ್ ಬಿಟ್ಟೆ. ಬಣ್ಣ ಬಣ್ಣದ ಪೊರೆ ಗಂಗಾಳದ ತುಂಬ ಹರಡಿತು. ನಡುವೆ ನಮ್ಮ ಫ್ಲಾಸ್ಕಿನ ತಿಳಿಯ ಒಂದು ಹನಿ ಹಾಕಿದೆ. ಪೊರೆ ಯಾರೋ ಗದರಿಸಿದಂತೆ ಅಂಚಿಗೆ ಓಡಿ, ನಡುವೆ ತಿಳಿನೀರಿನ ದೊಡ್ಡ ಬಿಲ್ಲೆಯೊಂದು ಉಳಿಯಿತು. ಇದು ನಾವು ತರಗತಿಯಲ್ಲಿ ಮಾಡಿಸುವ ಪರೀಕ್ಷೆಯೇ. ಒಡತಿ ಇನ್ನೊಮ್ಮೆ ಮಾಡಿಸಿದರು. ಮೂರನೆಯ ಸಲ ಹನಿಯನ್ನು ತಾವೇ ಹಾಕಿದರು.

"ಇದು ಎಲ್ಲೀದರಿ?"

"ನಿಮ್ಮ ಹೊಲದ್ದ. ಆ ಮ್ಯಾಲಿನ ಮೂಲಿ ಮಣ್ಣಾಗ ಇತ್ತು. ಸ್ವಲ್ಪ ತಗೊಂಡ ಹೋಗಿ ಬೆಳಸೇವಿ. ತಿರಗಿ ಹೊಲಕ್ಕ ಹಾಕತೇವಿ."

ಅವರು ಗಂಗಾಳವನ್ನು ಹತ್ತಿರ ಎಳೆದುಕೊಂಡರು. "ಹಂಗಂದ್ರ ಇದು ಹುಳ ಅಲ್ಲರಿ ಅಕ್ಕಾರ. ಹೆಪ್ಪು."

ಇಷ್ಟು ವರ್ಷ ಪಾಠ ಹೇಳಿದ ನನಗೆ ಆ ಪದ ಹೊಳೆದಿರಲಿಲ್ಲ. ಹಾಲಿಗೆ ಹಾಕುವ ಹೆಪ್ಪಿನಲ್ಲಿರುವುದೂ ಬ್ಯಾಕ್ಟೀರಿಯಾವೇ, ಮನೆಯ ಮೊಸರಿನಿಂದಲೇ ತೆಗೆದು ಮತ್ತೆ ಮನೆಯ ಹಾಲಿಗೇ ಹಾಕುವುದು. ಹಾಲುಮತದ ಹೆಣ್ಣುಮಗಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮರುದಿನದಿಂದ ನಮ್ಮ ಪ್ರಯೋಗಾಲಯದ ಡಬ್ಬಿಗಳ ಮೇಲೂ ಅಟೆಂಡರ್ ಹೆಪ್ಪು ೧, ಹೆಪ್ಪು ೨ ಎಂದು ಚೀಟಿ ಅಂಟಿಸಿದರು.

ಮೂಡಲಗಿ ಪೇಟೆಯಿಂದ ಕರಗಿ ಕೆಟ್ಟ ಬೆಲ್ಲ ತಂದು, ಕಾಲೇಜಿನಲ್ಲೇ ನೀಲಿ ಪ್ಲಾಸ್ಟಿಕ್ ಬ್ಯಾರಲ್ಲುಗಳಲ್ಲಿ ನೀರಿಗೆ ಕದಡಿ, ಮೀನಿನ ತೊಟ್ಟಿಗೆ ಹಚ್ಚುವ ಗಾಳಿ ಪಂಪು ಜೋಡಿಸಿ ಹೆಪ್ಪು ಬೆಳೆಸಿದೆವು. ಸೋಮವಾರ ಬಂದು ನೋಡಿದರೆ ನೊರೆ ಬ್ಯಾರಲ್ ದಾಟಿ, ಬಾಗಿಲು ದಾಟಿ, ಪ್ರಾಂಶುಪಾಲರ ಕೋಣೆಯ ಕಡೆಗೆ ಹೊರಟಿತ್ತು. ಅವರು ಬಯ್ಯಲಿಲ್ಲ, ಚಪ್ಪಲಿ ಕೈಯಲ್ಲಿ ಹಿಡಿದು ಸುತ್ತು ಹಾಕಿ ಒಳಗೆ ಹೋದರು. ಅಷ್ಟರಲ್ಲಿ ಒಡತಿಯ ಕಡೆಯವರು ಕೆಳಗಿನ ಹೊಲದ ಮೇಲೆ ನಿಂತಿದ್ದ ಬಿಳಿ ಪುಡಿಯನ್ನು ಕೆರೆದು ತೆಗೆದಿದ್ದರು. ಉಳಿದದ್ದು ಬಿಸಿಲಿಗೆ ಹಾರಿಹೋಗಿತ್ತು.

ಹೊಲವನ್ನು ಉದ್ದಕ್ಕೆ ಎಂಟು ಪಟ್ಟಿ ಮಾಡಿದೆವು. ಮಣ್ಣು ಸಡಿಲಿಸಿ, ಹಳೆಯ ಹಟ್ಟಿಯಿಂದ ಬುಟ್ಟಿಗಟ್ಟಲೆ ತಂದ ಕುರಿ ಹಿಕ್ಕೆ ಬೆರೆಸಿ, ಬ್ಯಾರಲ್ಲುಗಳಲ್ಲೇ ತಂದ ಹೆಪ್ಪು ಚಿಮುಕಿಸಿ, ತೇವ ಆರದಂತೆ ಕಬ್ಬಿನ ಒಣ ಎಲೆಯ ರವದಿ ಹೊದಿಸಿದೆವು. ಹಿಂಡನ್ನೇ ತಂದು ತಂಗಿಸುತ್ತೇನೆ ಎಂದು ಒಡತಿ ಹೊರಟಿದ್ದರು. ಡೀಸೆಲ್ ಮಣ್ಣಿನಲ್ಲಿ ಮೂಕಪ್ರಾಣಿಗಳನ್ನು ಕೂರಿಸುವುದು ಬೇಡವೆಂದು ನಾನು ತಡೆದೆ. ಮೂಡಣ ಅಂಚಿನ ಎಂಟನೆಯ ಪಟ್ಟಿಯನ್ನು ಮಾತ್ರ ಹಾಗೇ ಬಿಟ್ಟೆವು. ಎಣ್ಣೆ ಕಡಿಮೆಯಾದದ್ದು ಹೆಪ್ಪಿನಿಂದಲೋ ಬಿಸಿಲಿನಿಂದಲೋ ಎಂದು ತಿಳಿಯಬೇಕಾದರೆ ಏನೂ ಮಾಡದ ಒಂದು ತುಂಡು ಹೋಲಿಕೆಗೆ ಬೇಕೇ ಬೇಕು.

"ಅದಕ್ಕ ಏನೂ ಹಾಕೂದಿಲ್ಲೇನ್ರಿ?" ಒಡತಿ ಕೇಳಿದರು.

"ಏನೂ ಇಲ್ಲ. ಹೋಲಿಸಿ ನೋಡಾಕ ಬೇಕರಿ."

"ನೀರು?"

"ನೀರು ಸುದ್ದಾ ಬ್ಯಾಡ."

ಅವರು ತಲೆಯಾಡಿಸಿದರು.

ನಾಲ್ಕು ದಿನಕ್ಕೊಮ್ಮೆ ಮಣ್ಣು ತಿರುವಿಹಾಕಿರಿ ಎಂದು ಹೇಳಿ ಬಂದಿದ್ದೆ. ಐದನೆಯ ದಿನ ಹೋದರೆ ರವದಿ ಒಂದು ಗೇಣೂ ಕದಲಿರಲಿಲ್ಲ. ಸಿಟ್ಟು ನೆತ್ತಿಗೇರುತ್ತಿದ್ದುದನ್ನು ಈ ಸಲ ಹಲ್ಲು ಕಚ್ಚಿ ತಡೆದು, ಯಾಕೆ ತಿರುವಲಿಲ್ಲ ಎಂದು ಕೇಳಿದೆ. "ಹೆಪ್ಪು ಹಾಕಿದ್ದನ್ನ ಯಾರರ ಅಲ್ಲಾಡಸ್ತಾರೇನ್ರಿ ಅಕ್ಕಾರ? ಒಡದ ಹೋಕ್ಕೈತಿ," ಎಂದರು. ಹುಳ ಎಂದರೂ ತಪ್ಪು, ಹೆಪ್ಪು ಎಂದರೂ ತಪ್ಪು. ನಕ್ಕುಬಿಟ್ಟೆ, ಅವರೂ ನಕ್ಕರು. ಈ ಹೆಪ್ಪಿಗೆ ಉಸಿರಾಡಲು ಗಾಳಿ ಬೇಕು, ತಿಪ್ಪೆ ತಿರುವಿದ ಹಾಗೆ ತಿರುವಬೇಕು ಎಂದು ಬಿಡಿಸಿ ಹೇಳಿದೆ. ಆಮೇಲೆ ಅವರು ಒಂದು ಸಲವೂ ತಪ್ಪಿಸಲಿಲ್ಲ.

ಏಪ್ರಿಲ್ ಹೀಗೇ ಕಳೆಯಿತು. ವಾರಕ್ಕೊಮ್ಮೆ ಪ್ರತಿ ಪಟ್ಟಿಯಿಂದ ಮಣ್ಣು ತಂದು, ಹೆಕ್ಸೇನ್ ದ್ರಾವಣದಲ್ಲಿ ಎಣ್ಣೆ ಬಿಡಿಸಿ, ಆರಿಸಿ, ತೂಗುತ್ತಿದ್ದೆವು. ಮೊದಲ ವಾರ ಏನೂ ಇಲ್ಲ. ಎರಡನೆಯ ವಾರ ಸ್ವಲ್ಪ ಇಳಿಯಿತು. ಮೂರನೆಯ ವಾರದ ನಂತರ ಅಂಕಿಗಳು ಜಾರತೊಡಗಿದವು, ಅಟೆಂಡರ್ ತೂಕ ಬರೆಯುವಾಗ ಸಣ್ಣಗೆ ಭಜನೆಯ ಪದ ಗುನುಗತೊಡಗಿದರು. ಎಂಟನೆಯ ಪಟ್ಟಿಯ ಮಣ್ಣಿನಿಂದಲೂ ವಾರವಾರ ಎಣ್ಣೆ ಬಿಡಿಸಿ ಬಾಟಲಿಯಲ್ಲಿ ಎತ್ತಿಡುತ್ತಿದ್ದೆವು. ಅವನ್ನೆಲ್ಲ ಕೊನೆಯಲ್ಲಿ ಒಟ್ಟಿಗೆ ತೂಗೋಣವೆಂದು ನಾನೇ ಹೇಳಿದ್ದೆ. ಮೇ ನಡುವಿನ ವರದಿಗೆ ಎರಡು ದಿನ ಇರುವಾಗ ಅವುಗಳನ್ನು ತೂಗಿದೆವು.

ಎಂಟನೆಯ ಪಟ್ಟಿಯೂ ಅಷ್ಟೇ ಇಳಿದಿತ್ತು. ಮೊದಲ ಮೂರು ವಾರ ಕದಲದೆ ನಿಂತು, ಆಮೇಲೆ ಉಳಿದವುಗಳ ಬೆನ್ನು ಹತ್ತಿ ಬಂದು ಸಮ ನಿಂತಿತ್ತು.

ನಾನು ಮತ್ತೆ ತೂಗಿಸಿದೆ. ತಕ್ಕಡಿ ಸರಿಯಿತ್ತು. ಏನೂ ಮಾಡದ ಮಣ್ಣೂ ಅಷ್ಟೇ ಶುದ್ಧವಾಗಿದೆ ಎಂದರೆ ನಮ್ಮ ಹೆಪ್ಪು ಏನನ್ನೂ ಮಾಡಿಲ್ಲ. ಕಡಿಮೆಯಾದದ್ದು ಮೇ ತಿಂಗಳ ಉರಿ ಬಿಸಿಲಿಗೆ ಹಾರಿಹೋದ ಹಗುರ ಎಣ್ಣೆ. ಉಳಿದದ್ದು ಭಾರದ ಎಣ್ಣೆ, ಅದು ಬಿಸಿಲಿಗೆ ಬಗ್ಗುವುದಿಲ್ಲ, ಮಿರಗದೊಳಗೆ ಹೋಗುವುದಿಲ್ಲ. ಮೂರು ವಾರ ಕದಲದ್ದು ಆಮೇಲೆ ಯಾಕೆ ಓಡಿತು ಎಂದು ಕೇಳಿಕೊಳ್ಳಬೇಕಿತ್ತು. ಎದೆ ಕುಸಿದಾಗ ಬುದ್ಧಿ ಅಷ್ಟು ದೂರ ಹೋಗುವುದಿಲ್ಲ. ಕೂತು ವರದಿ ಬರೆದೆ: ಈ ವಿಧಾನದಿಂದ ಪ್ರಯೋಜನ ಕಂಡುಬಂದಿಲ್ಲ, ಬಾವಿಯ ಹಿತದೃಷ್ಟಿಯಿಂದ ಮಣ್ಣು ತೆಗೆಸುವುದು ಸೂಕ್ತ. ಬೇರೆ ಏನು ಬರೆದರೂ ಸುಳ್ಳಾಗುತ್ತಿತ್ತು. ಆ ನೀರು ಕುಡಿಯುವ ಮಕ್ಕಳಿದ್ದಾರೆ. ಸಹಿ ಹಾಕುವಾಗ ಕಣ್ಣು ತುಂಬಿದ್ದನ್ನು ಅಟೆಂಡರ್ ನೋಡಿದರೂ ನೋಡದವರಂತೆ ಫ್ಲಾಸ್ಕು ತೊಳೆಯಲು ಹೋದರು.

ಕಚೇರಿಗೆ ಕೊಡುವ ಮೊದಲು ಒಡತಿಗೆ ಮುಖ ಕೊಟ್ಟು ಹೇಳಬೇಕೆನಿಸಿತು. ಮರುದಿನ ಬೆಳಿಗ್ಗೆ ಹೋದೆ. ಅವರು ಬದುವಿನ ಮೇಲೆ ಕೂತು ಸಲಿಕೆಯ ಹಿಡಿ ಸರಿಪಡಿಸುತ್ತಿದ್ದರು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಏಳು ಪಟ್ಟಿ ಇಳಿದದ್ದು, ಎಂಟನೆಯದೂ ಇಳಿದದ್ದು, ಅದರ ಅರ್ಥವೇನೆಂಬುದು, ಜೆಸಿಬಿ ಬರುತ್ತದೆ ಎಂಬುದು. ಅವರು ಸಲಿಕೆಯನ್ನು ಕೆಳಗಿಟ್ಟರು.

"ಎಂಟನೇದು ಇಳದಿದ್ದಕ್ಕ ಮಣ್ಣು ಒಯ್ತಾರೇನ್ರಿ?"

"ಹೌದ್ರಿ ಅವ್ವಾ. ಅದಕ್ಕ ನಾವು ಏನೂ ಮಾಡಿಲ್ಲಲ್ಲ."

ಅವರು ಎಂಟನೆಯ ಪಟ್ಟಿಯ ಕಡೆ ತಿರುಗಿದರು. ಆಮೇಲೆ, "ನೀವು ಮಾಡಿಲ್ಲರಿ. ನಾ ಮಾಡೇನಿ," ಎಂದರು.

"ಏನ ಮಾಡೀರಿ?" ಎಂದೆ.

"ಮೊದಲ ಮೂರ ವಾರ ತಡಕೊಂಡ್ನಿ. ದಿನಾ ಏಳಕ್ಕ ನೀರು ಹಾಕೂದು, ತಿರುವೂದು, ಅದರ ಮುಂದ ಹಾದ ಬರೂದು. ಪಂಗತ್ಯಾಗ ಎಂಟ ಮಂದಿ ಕುಂತಾಗ ಏಳ ಮಂದಿಗೆ ಬಡಿಸಿ ಒಬ್ಬರ ಎಲಿ ಖಾಲಿ ಬಿಟ್ಟಂಗ ಆಗತಿತ್ರಿ. ನಮ್ಮ ಮಾವ ಕುರಿ ತಂಗಿಸುವಾಗೂ ಒಂದ ಮೂಲಿ ಬಿಟ್ಟಾಂವಲ್ಲ. ನನ್ನ ಕೈಲೆ ಆಗಲಿಲ್ಲ. ನಿಮ್ಮ ಬ್ಯಾರಲ್ಲಿನ ತಳದಾಗ ಉಳದ ಹೆಪ್ಪು ಒಂದ ಗಡಿಗ್ಯಾಗ ತಗದು, ಬೆಲ್ಲದ ನೀರು ಹಾಕಿ ಕುರಿ ಹಟ್ಟಿ ಹಿಂದ ಇಟ್ಟಿದ್ನಿ. ಅದನ್ನ ಹಾಕಿದ್ನಿ. ಹಿಕ್ಕಿ ಹಾಕಿದ್ನಿ, ತಿರುವಿದ್ನಿ, ನೀವು ಬರೂ ದಿನ ಮ್ಯಾಲ ಒಣಾ ಮಣ್ಣು ಉದುರಸ್ತಿದ್ನಿ. ನೀವು ಬೈತೀರಿ ಅಂತ ಹೇಳಲಿಲ್ಲ."

ಮೊದಲು ಬಂದದ್ದು ಸಿಟ್ಟೇ. ಹೋಲಿಕೆಯ ಪಟ್ಟಿ ಕೆಟ್ಟಿತೆಂದರೆ ಇಡೀ ಪ್ರಯೋಗ ಕೆಟ್ಟಿತು, ಇದನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ. ಅದರ ಬೆನ್ನಿಗೇ ಮೂರು ವಾರ ಕದಲದೆ ನಿಂತ ಆ ಅಂಕಿಗಳು ಕಣ್ಣ ಮುಂದೆ ಬಂದವು. ಹೆಪ್ಪು ಬೀಳುವತನಕ ನಿಂತ ಮಣ್ಣು, ಬಿದ್ದ ಮೇಲೆ ಓಡಿದೆ. ಇದನ್ನು ಸಾಕ್ಷಿ ಎಂದು ನನ್ನ ಗುರುಗಳು ಒಪ್ಪುತ್ತಿರಲಿಲ್ಲ. ಒಂದು ಪಟ್ಟಿ, ಒಂದು ಸಲ, ನಡುವೆ ಬಿಸಿಲೂ ಏರಿದೆ. ಆದರೆ ವಿಧಾನ ಸೋತಿದೆ ಎಂದು ಬರೆಯಲು ಇನ್ನು ನನಗೂ ಆಧಾರವಿರಲಿಲ್ಲ. ಮುಖ ಮುಚ್ಚಿಕೊಂಡು ನಗುತ್ತಿದ್ದೆನೋ ಅಳುತ್ತಿದ್ದೆನೋ, ಅವರು ಗಾಬರಿಯಾಗಿ ಬೆನ್ನು ಸವರಿದರು.

ಗಡಿಗೆಯನ್ನು ತರಿಸಿ ನೋಡಿದೆ. ಮೇಲೆ ಬೆರಳುದ್ದ ನೊರೆ. ಕೈಗೆ ಗವಸಿಲ್ಲದೆ ಇದನ್ನು ಮುಟ್ಟಬೇಡಿ, ಮನೆಯೊಳಗಂತೂ ತರಲೇಬೇಡಿ ಎಂದು ನಾಲ್ಕು ಸಲ ಹೇಳಿ, ಬ್ಯಾಗಿನಲ್ಲಿದ್ದ ವರದಿಯನ್ನು ಹರಿದೆ. ಅಲ್ಲಿಂದ ನೇರ ಅಧಿಕಾರಿಯ ಹತ್ತಿರ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಎಣ್ಣೆ ಇಳಿಯುತ್ತಿದೆ, ಯಾವುದರಿಂದ ಎಂದು ಆಣೆ ಮಾಡಲಾರೆ, ಮಳೆಗೆ ಮೊದಲಿನ ಕಡೆಯ ದಿನದವರೆಗೆ ಬಿಡಿ, ಆಗ ಬೇರೆಯವರು ಮಣ್ಣು ಪರೀಕ್ಷಿಸಲಿ, ಅವರು ಹೇಳಿದ್ದಕ್ಕೆ ನಾವು ಬದ್ಧ ಎಂದೆ. ಅವರು ಪೆನ್ನು ಕೆಳಗಿಟ್ಟು, "ಜೆಸಿಬಿ ಹೇಳೇ ಇಡ್ತೀನ್ರಿ ಮೇಡಂ, ಆದ್ರ ಕಳಸೂದಿಲ್ಲ," ಎಂದರು. ಅಷ್ಟು ಸಾಕಿತ್ತು.

ಮುಂದಿನ ಎರಡು ವಾರ ನಾವು ಎಂಟಕ್ಕೂ ಒಂದೇ ರೀತಿ ಮಾಡಿದೆವು. ಹೆಪ್ಪನ್ನು ಇನ್ನೆರಡು ಸಲ ಬೆಳೆಸಿ ತಂದೆವು. ಜೂನ್ ಮೊದಲ ವಾರ ಬೆಳಗಾವಿಯ ಮಾನ್ಯತೆ ಪಡೆದ ಪ್ರಯೋಗಾಲಯದವರು ಬಂದು, ನನ್ನನ್ನು ಕೇಳದೆ ತಮಗೆ ಬೇಕಾದಲ್ಲಿ ಅಗೆದು ಮಣ್ಣು ಒಯ್ದರು. ಮೋಡ ಕಟ್ಟುತ್ತಿತ್ತು. ಫಲಿತಾಂಶ ಬಂದ ದಿನ ಅಧಿಕಾರಿಯೇ ಫೋನ್ ಮಾಡಿದರು. ಹೊಲದ ಎಲ್ಲ ಕಡೆಯೂ ಎಣ್ಣೆ ಮಿತಿಯ ಕೆಳಗಿತ್ತು. "ಮಣ್ಣು ಅಲ್ಲೇ ಇರ್ಲಿ ಬಿಡ್ರಿ," ಎಂದರು. ಸುದ್ದಿ ಹೇಳಲು ಹೋದಾಗ ಒಡತಿ ಹೊಲದ ನಡುವೆ ಹೋಗಿ ಒಂದು ಹೆಂಟೆ ಎತ್ತಿ, ಒಡೆದು, ಮೂಸಿ, ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮೂರನೆಯ ದಿನ ಮಳೆ ಹೊಡೆಯಿತು. ವಾರವಿಡೀ ಬಾವಿಯ ನೀರು ತಂದು ನೋಡಿದೆವು. ಮೇಲೆ ಪೊರೆಯಿರಲಿಲ್ಲ, ಪರೀಕ್ಷೆಯಲ್ಲೂ ಎಣ್ಣೆ ಸಿಗಲಿಲ್ಲ. ಈ ವರ್ಷ ತಿನ್ನುವ ಬೆಳೆ ಬೇಡ, ಸೆಣಬು ಬಿತ್ತಿ ಮಣ್ಣಿಗೇ ಸೇರಿಸಿರಿ ಎಂದೆ. ಅವರು ಹಾಗೇ ಮಾಡಿದರು.

ಕಡೆಯದಾಗಿ ಕಚೇರಿಯ ನಮೂನೆ ತುಂಬಿಕೊಡಬೇಕಿತ್ತು. ಬಳಸಿದ ಜೀವಿ, ಅಳತೆ, ದಿನ ಎಲ್ಲ ಬರೆದೆ. "ಹೋಲಿಕೆಗಾಗಿ ಉಪಚರಿಸದೆ ಬಿಟ್ಟ ಭಾಗ" ಎಂಬ ಕಾಲಮ್ಮಿಗೆ ಬಂದು ಪೆನ್ನು ನಿಂತಿತು. ಅದನ್ನು ಖಾಲಿ ಬಿಟ್ಟರೂ ಕೇಳುವವರಿರಲಿಲ್ಲ. ಎಂಟನೆಯ ಪಟ್ಟಿ ಎಂದು ಬರೆದು ಮೂರು ವಾರದ ಅಂಕಿ ಕೊಟ್ಟಿದ್ದರೆ ನನ್ನ ಪ್ರಬಂಧಕ್ಕೂ ದಾರಿಯಾಗುತ್ತಿತ್ತು. ಒಂದು ಗಳಿಗೆ ಆ ಆಸೆಯೂ ಬಂತು. ಆಮೇಲೆ ಬರೆದೆ: "ಇಲ್ಲ. ಹೊಲದ ಒಡತಿ ಯಾವ ಪಟ್ಟಿಯನ್ನೂ ಉಪವಾಸ ಬಿಡಲಿಲ್ಲ."